ಬಾವಿಯಲ್ಲಿ ಹನ್ನೊಂದು ದಿನ ನಿಂತ ಹುಡುಗಿ ಮತ್ತು ನನ್ನ ಮಾದರಿ ಯೋಜನೆ

ಮನೆಯಲ್ಲೇ ಕಲಿಯುವ ಮಕ್ಕಳ ಪಾಠಯೋಜನೆಗೆ ಮೊಹರು ಒತ್ತುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳ ಸಾಹಿತ್ಯ ಮತ್ತು ಭಾಷಾ ಕಲಿಕೆಗೆ ನಾನು ಬರೆದುಕೊಟ್ಟ ವಾರ್ಷಿಕ ಯೋಜನೆಯನ್ನು ತಾವು ಒಪ್ಪಿದ್ದೀರಿ. ನನ್ನ ದೂರು ಅದೇ. ಒಪ್ಪಿದ್ದು ಸಾಲದೆಂದು ‘ಅತ್ಯುತ್ತಮ, ಇತರ ಮನೆಗಳಿಗೂ ಮಾದರಿಯಾಗಿ ಕಳುಹಿಸತಕ್ಕದ್ದು’ ಎಂದು ಷರಾ ಬೇರೆ ಬರೆದಿರಿ. ಸ್ವಾಮೀ, ಓದಿ ಬರೆದಿರೋ, ಕಾಗದದ ತೂಕ ನೋಡಿ ಬರೆದಿರೋ?

ಮೊದಲ ತಪ್ಪು ನನ್ನದೇ, ಒಪ್ಪುತ್ತೇನೆ. ನಾನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವನು. ಯಾವ ಬಸ್ಸು ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕೆಂದು ಇಪ್ಪತ್ತೆರಡು ವರ್ಷಗಳಿಂದ ಗೆರೆ ಎಳೆದು ಹೊಟ್ಟೆ ಹೊರೆದಿದ್ದೇನೆ. ಉಸಿರಾಟದ ತೊಂದರೆಯಿಂದ ಹತ್ತು ವರ್ಷದ ಮಗಳು ಶಾಲೆ ಬಿಟ್ಟು ಮನೆಯಲ್ಲೇ ಕಲಿಯಬೇಕಾಗಿ ಬಂದಾಗ, ಕಥೆಗೂ ಒಂದು ವೇಳಾಪಟ್ಟಿ ಬರೆದರಾಯಿತು ಎಂದುಕೊಂಡೆ. ಎಂಥ ಜಾಣ ನೋಡಿ! ಮೂವತ್ತಾರು ವಾರ, ಮೂರು ಬಣ್ಣದ ಶಾಯಿ. ಎರಡೆರಡು ಪುಟಕ್ಕೊಂದು ನಿಲುಗಡೆ. ಅಲ್ಲಿ ಹೊಸ ಪದ ಐದು, ಸಾರಾಂಶ ಮೂರು ಸಾಲು, ‘ಲೇಖಕರ ಉದ್ದೇಶವೇನು’ ಎಂಬ ಪ್ರಶ್ನೆ. ಶುಕ್ರವಾರ ಹತ್ತೂವರೆಯಿಂದ ಹತ್ತೂಮುಕ್ಕಾಲರವರೆಗೆ ‘ಓದಿನ ಆನಂದ’. ಆ ಸಾಲಿನ ಪಕ್ಕ ತಾವು ಹಾಕಿದ ಸರಿ ಗುರುತು ಈಗಲೂ ನನ್ನ ಕಣ್ಣು ಚುಚ್ಚುತ್ತದೆ.

ಅದಕ್ಕೆ ಮೊದಲು ನಮ್ಮಲ್ಲಿ ಏನು ನಡೆಯುತ್ತಿತ್ತು ಗೊತ್ತೇ? ನನ್ನ ಅಮ್ಮನಿಗೆ ಕಣ್ಣು ಮಂಜಾಗಿದೆ. ಮಗಳು ದಿನಾ ಅಜ್ಜಿಯ ಮಂಚದ ತುದಿಯಲ್ಲಿ ಕಾಲು ಮಡಚಿ ಕೂತು ಕಥೆ ಓದುತ್ತಿದ್ದಳು. ಕಥೆಯೊಳಗಿನವರು ಏನಾದರೂ ಎಡವಟ್ಟು ಮಾಡಿದರೆ ಇಬ್ಬರೂ ಸೇರಿ ಬೈಯುತ್ತಿದ್ದರು. ಇದಕ್ಕೆಲ್ಲ ಯೋಜನೆಯೇ ಇರಲಿಲ್ಲ, ಪಾಪ. ನಾನು ಡಿಪೋದ ಹಳೆಯ ಕರೆಗಂಟೆ ಹಿಡಿದು ನಡುವೆ ನುಗ್ಗಿದೆ.

ನಾಲ್ಕನೇ ವಾರ. ಕಥೆಯ ಹುಡುಗಿ ಬೆಕ್ಕಿನ ಮರಿಯನ್ನು ಎತ್ತಲು ಬಾವಿಗಿಳಿದಿದ್ದಳು, ಹಗ್ಗ ಹರಿಯಿತು. ಸರಿಯಾಗಿ ಹದಿನಾಲ್ಕನೇ ಪುಟ. ನಾನು ಗಂಟೆ ಬಾರಿಸಿದೆ.

“ಹೊಸ ಪದ ಐದು ಬರಿ” ಎಂದೆ.

“ಅಯ್ಯೋ, ಮೊದ್ಲು ಆ ಹುಡುಗೀನ ಮೇಲಕ್ಕೆತ್ತೋ!” ಎಂದಳು ಅಮ್ಮ.

“ಅದು ಮುಂದಿನ ನಿಲುಗಡೇಲಿ ಬರುತ್ತಮ್ಮ.”

“ನೀನು ಬಿದ್ದಿದ್ರೆ ಗೊತ್ತಾಗ್ತಿತ್ತು!”

ಆಮೇಲೆ ಪುನರಾವರ್ತನೆಯ ವಾರ ಬಂತು, ಪದಪರೀಕ್ಷೆ ಬಂತು. ಹುಡುಗಿ ಹನ್ನೊಂದು ದಿನ ಬಾವಿಯಲ್ಲೇ ನಿಂತಳು. ಹನ್ನೆರಡನೆಯ ದಿನ ನಾನು ದೊಡ್ಡ ಮನಸ್ಸು ಮಾಡಿ, “ಹೂಂ, ಈಗ ಮುಂದೆ ಓದು” ಎಂದೆ. ಮಗಳು ಪುಸ್ತಕದ ಕಡೆ ತಿರುಗಿಯೂ ನೋಡಲಿಲ್ಲ.

“ಇರ್ಲಿ ಬಿಡಪ್ಪ. ಅವಳು ಅಲ್ಲೇ ಇದ್ರೆ ನಂಗೇನು?”

ಮಾನ್ಯರೇ, ಅತ್ತು ರಂಪ ಮಾಡಿದ್ದರೆ ಸಹಿಸುತ್ತಿದ್ದೆ. ಆ ‘ನಂಗೇನು’ ಮಾತ್ರ ಸಹಿಸಲಾಗಲಿಲ್ಲ. ಬಸ್ಸು ತಡವಾದರೆ ಜನ ಬೈಯುತ್ತಾರೆ. ಅಂದರೆ ಇನ್ನೂ ಕಾಯುತ್ತಿದ್ದಾರೆ. ನನ್ನ ಮಗಳು ಕಾಯುವುದನ್ನೇ ಬಿಟ್ಟಿದ್ದಳು.

ಯೋಜನೆಯನ್ನೂ ಗಂಟೆಯನ್ನೂ ಅಟ್ಟಕ್ಕೆಸೆದೆ. ಐದು ವಾರ ಅವಳು ಒಂದಕ್ಷರ ಓದಲಿಲ್ಲ. ಅಷ್ಟರಲ್ಲಿ ತಮ್ಮ ಪತ್ರ ಬಂತು: ಬರುವ ಬುಧವಾರ ತಪಾಸಣೆ, ಯೋಜನೆಯಂತೆ ಅಭ್ಯಾಸಪುಸ್ತಕ ತುಂಬಿರದಿದ್ದರೆ ಮನೆಯಲ್ಲೇ ಕಲಿಯುವ ಅನುಮತಿ ರದ್ದು. ನನ್ನ ಜಾಣತನಕ್ಕೆ ಮಗಳಿಗೆ ಶಿಕ್ಷೆ! ಅವಳನ್ನು ಧೂಳಿನ ತರಗತಿಗೆ ಮತ್ತೆ ಕಳುಹಿಸಿ ಕೆಮ್ಮಿಸಿದರೆ ಯಾವ ಸಾಹಿತ್ಯ ಉದ್ಧಾರವಾದೀತು?

ಮೊನ್ನೆ ಮಧ್ಯಾಹ್ನ ಅಮ್ಮನ ಕೋಣೆಯಲ್ಲಿ ಮಾತು ಕೇಳಿಸಿತು.

“ಆ ಹುಡುಗಿ ಇನ್ನೂ ನೀರಲ್ಲೇ ಇದಾಳೇನೇ?”

“ಹೂಂ ಅಜ್ಜಿ.”

“ಚಳಿ ಆಗಲ್ವಾ ಅವಳಿಗೆ?”

ಆಮೇಲೆ ಪುಟ ತಿರುಗಿಸಿದ ಸದ್ದು. ಬಾಗಿಲ ಹೊರಗೆ ನಿಂತಿದ್ದ ನಾನು ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡೆ. ನಾಚಿಕೆಯಾಗಿ ಅದನ್ನು ಬಿಚ್ಚಿ ಜೇಬಿಗಿಟ್ಟೆ. ಹುಡುಗಿ ಮೇಲೆ ಬಂದಳು, ಮರಿಯೂ ಬಂತು. ಒಳಗೆ ಅಜ್ಜಿ ಮೊಮ್ಮಗಳು ಚಪ್ಪಾಳೆ ತಟ್ಟಿದರು, ಹೊರಗೆ ನಾನು ಕಣ್ಣೊರೆಸಿಕೊಂಡೆ. ಮುಗಿದ ಮೇಲೆ ಮಗಳು ಮತ್ತೆ ಮೊದಲ ಪುಟದಿಂದ ಶುರು ಮಾಡಿದಳು. ಯಾಕೆಂದು ಕೇಳಲು ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಆದ್ದರಿಂದ ನನ್ನ ಯೋಜನೆಯನ್ನು ರದ್ದು ಮಾಡಿ, ಅವಳ ಅನುಮತಿಯನ್ನಲ್ಲ. ಮಾದರಿಯೆಂದು ಹಂಚಿದ ಪ್ರತಿಗಳನ್ನು ಈಗಿಂದೀಗಲೇ ವಾಪಸು ತರಿಸಿ. ಎಷ್ಟು ಮನೆಗಳಲ್ಲಿ ಯಾರ್ಯಾರು ಬಾವಿಯಲ್ಲಿದ್ದಾರೋ! ಬುಧವಾರ ಖಂಡಿತ ಬನ್ನಿ. ಅಭ್ಯಾಸಪುಸ್ತಕ ಖಾಲಿಯಿದೆ. ಅಮ್ಮನ ಮಂಚದ ಪಕ್ಕ ತಮಗೊಂದು ಕುರ್ಚಿ ಹಾಕಿರುತ್ತೇನೆ. ಕೂತು ಕೇಳಿ, ನಡುವೆ ಬಾಯಿ ಹಾಕಬೇಡಿ. ಹಾಕಿದರೆ ನನ್ನ ಅಮ್ಮ ಅಧಿಕಾರಿ ಅಂತಲೂ ನೋಡುವುದಿಲ್ಲ.

ಇಂತಿ,
ಬಾಗಿಲ ಹೊರಗೆ ನಿಂತು ಕೇಳಲು ಮಾತ್ರ ಅನುಮತಿಯಿರುವ
ತಮ್ಮ ಮಾದರಿ ತಂದೆ