ಜಲಪಾತ ಹತ್ತಿರದಲ್ಲೇ ಇದೆ ಎಂದು ಬರೆಸಿದವರಿಗೆ

ಬೆಟ್ಟದ ದಾರಿಗಳಲ್ಲಿ ಫಲಕ ನೆಡಿಸುವ ಹೊಣೆ ಹೊತ್ತ ಮಾನ್ಯರೇ,

ನಿಮ್ಮ ಫಲಕ ಸುಳ್ಳು ಹೇಳುತ್ತದೆ. ಲಾವು ಬೆಟ್ಟದ ಮಗ್ಗುಲಲ್ಲಿರುವ ಆ ಜಲಪಾತದ ಹೆಸರನ್ನು ನಿಮ್ಮ ಮರ್ಯಾದೆ ಉಳಿಯಲೆಂದು ಇಲ್ಲಿ ಬರೆಯುವುದಿಲ್ಲ. ಹತ್ತುವ ದಾರಿಯ ಬಾಗಿಲಲ್ಲೇ ಒಂದು ಹಸಿರು ಹಲಗೆಯ ಮೇಲೆ ‘ಜಲಪಾತ ಹತ್ತಿರದಲ್ಲೇ ಇದೆ’ ಎಂದು ಬರೆಸಿದ್ದೀರಿ. ಏದುಸಿರು ಬಿಡುತ್ತಾ ಗುಡ್ಡ ಹತ್ತಿದ ಮೇಲೆ ಇನ್ನೊಂದು: ‘ಇನ್ನೂ ಹತ್ತಿರ ಬಂದಿದ್ದೀರಿ’. ಇದು ನಿಜವೇ ಇರಬಹುದು, ಸುರಬಾಯದಲ್ಲಿ ರೈಲು ಹತ್ತಿದಾಗಿನಿಂದಲೂ ನಾವು ಹತ್ತಿರ ಬರುತ್ತಲೇ ಇದ್ದೆವಲ್ಲ. ಮತ್ತೂ ಮೇಲೆ ಹೋದರೆ ‘ಇನ್ನೇನು ಬಂದೇಬಿಟ್ಟಿತು’, ಪಕ್ಕದಲ್ಲಿ ಒಂದು ನಗುಮುಖದ ಚಿತ್ರ. ಅದು ಯಾರನ್ನು ನೋಡಿ ನಗುತ್ತಿದೆ ಸ್ವಾಮಿ? ಮೀಟರು, ಕಿಲೋಮೀಟರು ಎಂಬ ಅಳತೆಗಳು ತಮ್ಮ ಕಚೇರಿಯವರೆಗೆ ಇನ್ನೂ ತಲುಪಿಲ್ಲವೇ? ಅಥವಾ ಅಂಕಿ ಬರೆದರೆ ಬಂದವರ ಮನಸ್ಸಿಗೆ ನೋವಾದೀತೆಂಬ ದಾಕ್ಷಿಣ್ಯವೇ?

ದಾಕ್ಷಿಣ್ಯವೇ ಇರಬೇಕೆಂದು ನನ್ನ ಅನುಮಾನ. ನಿಮ್ಮ ಬೆಟ್ಟದ ಪಕ್ಕದ ಸೊಲೊ ನಗರದವರ ಸೌಜನ್ಯದ ಬಗ್ಗೆ ನಾವು ಸುರಬಾಯದವರು ಕೇಳಿದ್ದೆವು. ಅದನ್ನು ಕಾಲಿನಿಂದ ಅಳೆದದ್ದು ಮಾತ್ರ ಇದೇ ಮೊದಲು. ಶನಿವಾರ ಸೊಲೊದಲ್ಲಿ ರೈಲಿಳಿದ ನಮಗೆ ವಿಪರೀತ ಹಸಿವು. ತೆಂಗಿನಹಾಲಿನಲ್ಲಿ ಬೇಯಿಸಿದ ನಿಮ್ಮೂರ ಅನ್ನ ಎಲ್ಲಿ ಸಿಗುತ್ತದೆಂದು ಬಾತಿಕ್ ಬಟ್ಟೆಯ ಅಂಗಡಿಯಾಕೆಯನ್ನು ಕೇಳಿದೆ. ಆಕೆ ಸೊಂಟ ಬಗ್ಗಿಸಿ, ತೋರುಬೆರಳು ಒರಟಾದೀತೆಂದು ಹೆಬ್ಬೆರಳು ಚಾಚಿ, ಅಮ್ಮಾ ಎನ್ನುವ ಹಾಗೆ ‘ಬು’ ಸೇರಿಸಿ, “ಇಲ್ಲೇ ಹತ್ರ ಬು, ಆ ಸಿಗ್ನಲ್ ದಾಟಿದ್ರೆ ಸಿಕ್ತು” ಎಂದಳು. ಸಿಗ್ನಲಿನಲ್ಲಿ ನಿಂತಿದ್ದವನು ಇನ್ನೊಂದು ಸಿಗ್ನಲ್ ತೋರಿಸಿದ, ಅವನೂ ಹೆಬ್ಬೆರಳಿನಲ್ಲೇ. ಹೀಗೆ ಹೆಬ್ಬೆರಳುಗಳ ಹಿಂದೆ ಹೋಗಿ ಹೋಗಿ ಅರಮನೆ, ಮಾರುಕಟ್ಟೆ, ಹೊಳೆ ಎಲ್ಲವನ್ನೂ ನೋಡಿದೆವು, ಊಟವೊಂದನ್ನು ಬಿಟ್ಟು. ನಮ್ಮೂರಿನಲ್ಲಾಗಿದ್ದರೆ “ಗೊತ್ತಿಲ್ಲ, ಮುಂದೆ ಹೋಗಿ” ಎಂದು ಮುಖಕ್ಕೆ ಹೊಡೆದಂತೆ ಹೇಳಿರುತ್ತಿದ್ದರು, ನಾವೂ ಹೊತ್ತಿಗೆ ಸರಿಯಾಗಿ ಉಂಡಿರುತ್ತಿದ್ದೆವು.

ಅಷ್ಟಕ್ಕೇ ಆಗಿದ್ದರೆ ನಿಮಗೆ ಪತ್ರ ಬರೆಯುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ಜೊತೆ ಬಂದವಳು ನನ್ನ ಅಮ್ಮ, ಮುರ್ತಿನಿ. ಸುರಬಾಯದ ಬಂದರಿನ ಬಳಿ ಇಡೀ ಆಯುಷ್ಯ ಮೀನು ಮಾರಿದವಳು. ಮೀನು ತಾಜಾನಾ ಎಂದು ಯಾರಾದರೂ ಕೇಳಿದರೆ, “ನಿನ್ನೇದು. ಬೇಕಿದ್ರೆ ತಗೊ, ಇಲ್ದಿದ್ರೆ ದಾರಿ ಬಿಡು” ಎನ್ನುತ್ತಿದ್ದವಳು. ಊರು ಬಿಟ್ಟು ಸುಮ್ಮನೆ ಸುತ್ತಾಡಲು ಹೋಗುವುದೆಂದರೆ ಏನೆಂದು ಅವಳಿಗೂ ಗೊತ್ತಿರಲಿಲ್ಲ, ಹೊಲಿಗೆ ಅಂಗಡಿ ಬಿಟ್ಟು ಕದಲದ ನನಗೂ ಗೊತ್ತಿರಲಿಲ್ಲ. ಬರುವ ತಿಂಗಳು ಅವಳ ಮೊಣಕಾಲುಗಳಿಗೆ ಶಸ್ತ್ರಚಿಕಿತ್ಸೆ. ಆಮೇಲೆ ನಡಿಗೆ ಹೇಗೋ ಏನೋ ಎಂಬ ಭಯ ಅವಳಿಗೆ. ಒಂದು ದಿನ ಇದ್ದಕ್ಕಿದ್ದಂತೆ ಹೇಳಿದಳು: “ಲೇ ಎಂಡಾಂಗ್, ಮೇಲಿಂದ ನೀರು ಬೀಳೋದನ್ನ ನಾನು ನೋಡಿರೋದು ನಮ್ಮ ಸೋರೋ ಸೂರಲ್ಲಿ ಮಾತ್ರ. ಕಾಲು ನಂದೇ ಇರೋವಾಗ ಒಂದ್ಸಲ ನಿಜವಾದ್ದನ್ನ ತೋರಿಸ್ಬಿಡೆ.” ಅದಕ್ಕಾಗಿಯೇ ಹೊರಟದ್ದು ನಾವು.

ಈಗ ಹೇಳಿ, ಅಂಥ ಕಾಲಿನವಳಿಗೆ ನಿಮ್ಮ ಬಾಗಿಲಿನಲ್ಲಿ ಬೇಕಿದ್ದದ್ದು ನಗುಮುಖವೋ, ಸತ್ಯವೋ? ಭಾನುವಾರ ಬೆಳಿಗ್ಗೆ ಫಲಕ ಓದಿದ ಅಮ್ಮ, “ನೋಡು, ಸರ್ಕಾರಾನೇ ಬರೆದಿದೆ, ಹತ್ರ ಅಂತೆ” ಎಂದು ಹುಮ್ಮಸ್ಸಿನಿಂದ ಮೆಟ್ಟಿಲು ಹತ್ತಿದಳು. ಇಳಿದು ಬರುತ್ತಿದ್ದವರೆಲ್ಲ ಅವಳ ಕಾಲು ನೋಡಿ, ಮುಖ ನೋಡಿ, “ಹತ್ರಾನೇ ಬು, ಆ ತಿರುವು ಅಷ್ಟೆ” ಎಂದರು. ತಿರುವಿನ ಆಚೆ ತಿರುವೇ ಇತ್ತು. ಜೋಳದ ತೆನೆ ಸುಡುತ್ತಾ ಕೂತಿದ್ದ ಒಬ್ಬಾಕೆಯನ್ನು ನಾನು ಬಿಡದೆ ಕೇಳಿದೆ.

“ನಿಜ ಹೇಳಿ ಬು, ಎಷ್ಟು ದೂರ?”

“ಹತ್ರಾನೇ ಇದೆ ಬು.”

“ನನ್ನ ಮುಖ ನೋಡಿ ಹೇಳಿ.”

ಆಕೆ ಮುಖ ನೋಡಲಿಲ್ಲ, ಜೋಳವನ್ನು ತಿರುಗಿಸಿದಳು. “ದಣಿದು ಬಂದವ್ರಿಗೆ ದೂರ ಅನ್ನೋಕೆ ಬಾಯಿ ಹೆಂಗ್ ಬರುತ್ತೆ, ನೀವೇ ಹೇಳಿ” ಎಂದಳು.

ನಿಮ್ಮ ಮೂರನೆಯ ಫಲಕದ ಬುಡದಲ್ಲಿ ಅಮ್ಮ ಕುಸಿದು ಕೂತಳು. ಒದ್ದೆ ಕಲ್ಲು, ಒರಗಲು ಒಂದು ಗೋಡೆಯೂ ಇಲ್ಲ. “ಸಾಕು ಕಣೆ. ನೀನು ಹೋಗಿ ನೋಡ್ಕೊಂಡ್ ಬಾ. ಹೆಂಗಿತ್ತು ಅಂತ ಹೇಳು, ಸಾಕು” ಎಂದಳು. ಅಮ್ಮ ಸೋತು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನಿಮ್ಮ ಮೇಲೆ ಸಿಟ್ಟು ಬಂತು. ಈ ಪತ್ರದ ಮೊದಲ ಸಾಲನ್ನು ನಾನು ಮನಸ್ಸಿನಲ್ಲಿ ಬರೆದದ್ದು ಅಲ್ಲೇ ನಿಂತುಕೊಂಡು.

ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಬಸುರಿ ಹೆಂಗಸು, ಅವಳ ಗಂಡ, ಇಬ್ಬರೂ ಹತ್ತಿ ಬಂದರು. ಅವಳ ಮುಖ ಬಿಳಿಚಿಕೊಂಡಿತ್ತು. ಗಂಡ ವಾಪಸ್ ಹೋಗೋಣವೆನ್ನುತ್ತಿದ್ದ, ಇವಳು ಕೇಳುತ್ತಿರಲಿಲ್ಲ. ಹಿರಿಯಳು ಕೂತಿದ್ದಾಳೆಂದು ಅಮ್ಮನ ಮುಂದೆ ತಲೆಬಾಗಿ ಕೇಳಿದಳು, “ಇನ್ನೂ ತುಂಬ ದೂರಾನಾ ಬು?”

ನಿನ್ನೆಯ ಮೀನನ್ನು ಇವತ್ತಿನದೆಂದು ಎಂದೂ ಹೇಳದ ನನ್ನ ಅಮ್ಮ, ಜಲಪಾತದ ಹನಿಯನ್ನೂ ಕಾಣದ ನನ್ನ ಅಮ್ಮ, ಅವಳ ಮುಖವನ್ನು ನೋಡಿದಳು.

“ಇಲ್ಲಮ್ಮ, ಹತ್ರಾನೇ ಇದೆ” ಎಂದಳು.

ಆ ಹುಡುಗಿ ಕಣ್ಣರಳಿಸಿ, ಗಂಡನ ತೋಳು ಹಿಡಿದು ಹೊರಟಳು. ಅಮ್ಮ ಅವಳು ಹೋದ ದಿಕ್ಕನ್ನೇ ನೋಡಿದಳು, ಆಮೇಲೆ ನನ್ನ ಕಡೆ ಕೈ ಚಾಚಿದಳು. “ಏಳಿಸೇ. ಬಾಯಿ ಬಿಟ್ಟು ಹೇಳಿಬಿಟ್ಟೆನಲ್ಲ, ಹತ್ರ ಇದ್ಯೋ ಇಲ್ವೋ ನೋಡ್ಬೇಕು. ಇಲ್ದಿದ್ರೆ ಆ ಹುಡುಗಿ ಮೇಲೆ ನಿಂತು ನನ್ನ ಬೈಕೋತಾಳೆ.”

ನಾವು ತಲುಪಿದೆವು, ಮಾನ್ಯರೇ. ಹೇಗೆ ತಲುಪಿದೆವೆಂದು ಕೇಳಬೇಡಿ. ನನ್ನ ಹೆಗಲಿಗೆ ಇನ್ನೂ ನೋವಿದೆ. ನೀರು ಬೀಳುವ ಸದ್ದಿಗೆ ಅಮ್ಮ ಏನೋ ಹೇಳಿದ್ದು ನನಗೆ ಕೇಳಲಿಲ್ಲ. ಬಸುರಿ ಹುಡುಗಿ ಬಂಡೆಯ ಮೇಲೆ ಜಾಗ ಬಿಟ್ಟುಕೊಟ್ಟಳು. ಅಮ್ಮ ಚಪ್ಪಲಿ ಬಿಟ್ಟು ಆ ಹಾಳು ಕಾಲುಗಳನ್ನು ನೀರಿಗೆ ಇಳಿಬಿಟ್ಟು, ಎಷ್ಟು ಕರೆದರೂ ಏಳದೆ ಕೂತಳು. ಅಷ್ಟು ಖುಷಿಯಾಗಿ ಅವಳು ಕೂತದ್ದನ್ನು ನಾನು ನೋಡಿರಲಿಲ್ಲ. ಇಳಿಯುವಾಗ ಎದುರಿಗೆ ಬಂದವರಿಗೆಲ್ಲ ಅವಳೇ ಮುಂದಾಗಿ, ಯಾರೂ ಕೇಳದಿದ್ದರೂ, “ಹತ್ರಾನೇ ಇದೆ, ಬನ್ನಿ ಬನ್ನಿ” ಎನ್ನುತ್ತಾ ಬಂದಳು. ಒಂದೇ ದಿನದಲ್ಲಿ ನೀವು ನನ್ನ ಅಮ್ಮನನ್ನು ಸೊಲೊದವಳನ್ನಾಗಿ ಮಾಡಿಬಿಟ್ಟಿರಿ.

ಆದ್ದರಿಂದ ನನ್ನ ಬೇಡಿಕೆ ಬದಲಾಗಿದೆ. ಫಲಕಗಳನ್ನು ಕಿತ್ತುಹಾಕಿ ಎಂದು ಬರೆಯಲು ಕೂತಿದ್ದೆ, ಅಮ್ಮ ಬಿಡಲಿಲ್ಲ. “ದೂರ ಎಷ್ಟು ಅಂತ ಬರೆದಿದ್ರೆ ನಾನು ಬಾಗಿಲಿಂದಾನೇ ವಾಪಸ್ ಬರ್ತಿದ್ದೆ” ಎಂದು ಜಗಳಕ್ಕೆ ನಿಂತಳು. ಸರಿ, ನಿಮ್ಮ ಸುಳ್ಳುಗಳು ನಿಮಗಿರಲಿ. ಆದರೆ ಮೂರನೆಯ ಫಲಕದ ಹತ್ತಿರ ಒಂದು ಬೆಂಚು ಹಾಕಿಸಿ, ಬೆನ್ನಿಗೆ ಒರಗು ಇರುವಂಥದ್ದು. ಅಲ್ಲಿ ಕುಸಿದು ಕೂತವರನ್ನೆಲ್ಲ ಎಬ್ಬಿಸಲು ಪ್ರತಿಸಲವೂ ಕೆಳಗಿನಿಂದ ಒಬ್ಬ ಬಸುರಿ ಬರುತ್ತಾಳೆಂಬ ಖಾತ್ರಿಯಿಲ್ಲ.

ನಿನ್ನೆ ಅಮ್ಮ ಡಾಕ್ಟರನ್ನು ಕೇಳಿದಳು, ಮತ್ತೆ ಆ ಬೆಟ್ಟ ಹತ್ತಬಹುದಾ ಎಂದು. ಅವರು ತಲೆ ತಗ್ಗಿಸಿ ಎಕ್ಸ್‌ರೇ ನೋಡುತ್ತಾ, “ಹತ್ತಬಹುದು ಬು, ಬೇಗಾನೇ” ಎಂದರು. ಅಮ್ಮ ನಂಬಿದಳು, ಆಗಲೇ ಹೊಸ ಚಪ್ಪಲಿ ಬೇಕೆಂದಿದ್ದಾಳೆ. ನಾನು ಅವರ ಮುಖ ನೋಡಿದೆ. ಜೋಳ ಸುಡುವಾಕೆಯನ್ನು ಕೇಳಿದ ಹಾಗೆ ಅವರನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಬೆಂಚಿನ ವಿಷಯ ವಿಚಾರಿಸಲು ಅಮ್ಮ ಆಸ್ಪತ್ರೆಯ ಹಾಸಿಗೆಯಿಂದಲೇ ನಿಮ್ಮ ಕಚೇರಿಗೆ ಫೋನ್ ಮಾಡುವುದು ಖಂಡಿತ. ಆಗ ನೀವು ಇನ್ನೂ ಒಂದು ಮೊಳೆಯನ್ನೂ ಹೊಡೆದಿರದಿದ್ದರೆ ದಯವಿಟ್ಟು ಅವಳಿಗೆ ಸತ್ಯ ಹೇಳಬೇಡಿ. “ಕೆಲಸ ನಡೀತಾ ಇದೆ ಬು, ನೀವು ಬರೋದೊಂದೇ ಬಾಕಿ” ಎನ್ನಿ.

ಇಂತಿ,
ಸುರಬಾಯದಲ್ಲಿ ಹುಟ್ಟಿಯೂ ಸುಳ್ಳಿಗಾಗಿ ಕೈಮುಗಿಯುತ್ತಿರುವ,
ಎಂಡಾಂಗ್ ಪಲುಪಿ