ಟೇಪು ಒಂದು ಹೇಳಿತು, ಹಕ್ಕಿ ಒಂದು

ಆಗಸ್ಟ್ ೨೪, ಮಧ್ಯಾಹ್ನ

ಮಿಕಾಯೆಲಾ — ಮೂವತ್ತೊಂದು ವಾರ. ಹೊಟ್ಟೆಯ ಅಳತೆ ಮೂವತ್ತು. ಸರಿ ಇದೆ. ವಾರ ಎಷ್ಟೋ ಸುಮಾರು ಅಷ್ಟು ಸೆಂಟಿಮೀಟರ್. ಎರಡು-ಮೂರು ಕಡಿಮೆಯಾದರೆ ಪರವಾಗಿಲ್ಲ, ಅದಕ್ಕಿಂತ ಇಳಿದರೆ ಆಸ್ಪತ್ರೆ. ನಮ್ಮ ಸೂಲಗಿತ್ತಿಯರ ಸಭೆಯಲ್ಲಿ ನರ್ಸ್ ಎಲ್ವಿರಾ ತಿಂಗಳಿಗೊಮ್ಮೆ ಹೇಳಿಕೊಡುವ ಪಾಠ.

ಆಕೆ ಕೊಟ್ಟಿದ್ದ ಟೇಪನ್ನು ಹೋದ ವಾರ ನಾಯಿ ಅಗಿದು ಹಾಕಿತು. ಪೆಟ್ಟಿಗೆಯ ತಳದಿಂದ ಹಳೆಯದನ್ನು ತೆಗೆದೆ. ತೊತೊನಿಕಪಾನ್ ಊರಿನ ಸಂತೆಯಲ್ಲಿ ನಾನು ಹತ್ತೊಂಬತ್ತು ವರ್ಷ ಬಟ್ಟೆ ಅಳೆದು ಮಾರಿದ ಟೇಪು. ಬಟ್ಟೆಯೋ ಹೊಟ್ಟೆಯೋ... ಅಳತೆ ಅಳತೆಯೇ.

ಅವಳ ಅತ್ತೆ ಪಾಸ್ಕುವಾಲಾ ಬಾಗಿಲಲ್ಲೇ ನಿಂತಿದ್ದಳು. "ಏನ್ ತೊಮಾಸಾ, ನನ್ ಸೊಸೇಗೆ ಅಂಗಿ ಹೊಲೀತೀಯಾ?"

"ಒಳಗಿರೋರಿಗೆ" ಎಂದೆ. ಅವಳು ನಗಲಿಲ್ಲ. ಮಿಕಾಯೆಲಾಳ ಹೋದ ವರ್ಷದ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಯಿತು. ಆ ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ತಮಾಷೆಗೆ ಹೋಗಿ ನಾನೊಬ್ಬಳು ಎತ್ತಿಬಿಟ್ಟೆ.

ಸೆಪ್ಟೆಂಬರ್ ೭

ಮೂವತ್ಮೂರು ವಾರ. ಟೇಪು ಮೂವತ್ತೊಂದು ಎನ್ನುತ್ತದೆ. ಸಾಕು.

ಆದರೆ ಅವಳ ನಡುಪಟ್ಟಿ ಬೇರೆ ಹೇಳುತ್ತಿದೆ. ಹಕ್ಕಿಗಳನ್ನು ನೇಯ್ದ ಕೆಂಪು ಪಟ್ಟಿ. ಆಗಸ್ಟ್ ಮೂರಕ್ಕೆ ಎಲ್ವಿರಾ ತಾನೇ ಅಳೆದು ಇಪ್ಪತ್ತೇಳು ಬರೆದ ದಿನ, ಹುಡುಗಿ ಪಟ್ಟಿಯ ತುದಿಯನ್ನು ಐದನೇ ಹಕ್ಕಿಯ ಹತ್ತಿರ ಸಿಕ್ಕಿಸಿದ್ದಳು. ಇವತ್ತೂ ಐದನೇ ಹಕ್ಕಿ. ಹೊಟ್ಟೆ ಬೆಳೆದಿದ್ದರೆ ಪಟ್ಟಿ ಸಾಲದೆ ಬರಬೇಕಿತ್ತಲ್ಲ?

"ಬಿಗಿಯಾಗಿ ಕಟ್ತಿದೀಯೇನೇ?"

"ಇಲ್ಲ ಅಜ್ಜಿ, ಯಾವಾಗ್ಲೂ ಹೀಗೇ."

ಪಾಸ್ಕುವಾಲಾ ಒಳಗಿನಿಂದ: "ನಮ್ಮನೇಲಿ ಎಲ್ರದ್ದೂ ಚಿಕ್ಕ ಹೊಟ್ಟೇನೇ. ಚಿಕ್ಕ ಕೂಸು ಸೋಪು ಜಾರ್ದಂಗೆ ಬರುತ್ತೆ, ಒಳ್ಳೇದೇ ಆಯ್ತು."

ಎರಡು ಸಾಕ್ಷಿ, ಎರಡು ಹೇಳಿಕೆ. ಪಟ್ಟಿಗೆ ಸುಳ್ಳು ಹೇಳಿ ಏನು ಲಾಭ?

ಸೆಪ್ಟೆಂಬರ್ ೮, ಬೆಳಿಗ್ಗೆ ೭

ಒಲೆಯ ಮೇಲೆ ಜೋಳದ ಗಂಜಿ. ಮೊಮ್ಮಗಳ ಶಾಲೆಯ ಸ್ಕೇಲು ಮೇಜಿನ ಮೇಲಿತ್ತು. ಸುಮ್ಮನೆ ಟೇಪನ್ನು ಪಕ್ಕಕ್ಕಿಟ್ಟೆ. ಸ್ಕೇಲು ಮೂವತ್ತು. ಟೇಪು ಮೂವತ್ಮೂರು.

ಮತ್ತೆ ಇಟ್ಟೆ. ಮೂವತ್ಮೂರು.

ತುದಿಯ ತಗಡನ್ನು ಚಾಕುವಿನಿಂದ ಎಬ್ಬಿಸಿದೆ. ಅಡಿಯಲ್ಲಿ ಮೊದಲ ಅಂಕಿ — ನಾಲ್ಕು.

ಅಂಗಡಿ ಹಾಕಿದ ವರ್ಷ ನಾನೇ ಎರಡು ಬೆರಳಗಲ ಕತ್ತರಿಸಿ ತಗಡು ಕೂರಿಸಿದ್ದು. ಆ ಸಾಲಿನಲ್ಲಿ ಎಲ್ಲರ ಟೇಪೂ ಹಾಗೇ. ಮರೆತೇಹೋಗಿತ್ತು. ಗಿರಾಕಿಯಿಂದ ಕದ್ದ ಮೂರು ಸೆಂಟಿಮೀಟರನ್ನು ಮಗುವಿಗೆ ಕೂಡಿಸಿಬಿಟ್ಟಿದ್ದೇನೆ. ನಿಜವಾದ ಅಳತೆ ಇಪ್ಪತ್ತೆಂಟು. ಎಲ್ವಿರಾ ಬರೆದ ಇಪ್ಪತ್ತೇಳರ ಮೇಲೆ ಐದು ವಾರಕ್ಕೆ ಒಂದೇ ಒಂದು ಸೆಂಟಿಮೀಟರ್.

ಗಂಜಿ ಉಕ್ಕಿತು. ಉಕ್ಕಲಿ.

ಅದೇ ದಿನ, ೧೧ ಗಂಟೆ

ಆಸ್ಪತ್ರೆಗೆ ಹೋಗುವ ಪಿಕಪ್ ಗಾಡಿಯ ಹಿಂಭಾಗದಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ. ಹುಡುಗಿ ನನ್ನ ಭುಜಕ್ಕೊರಗಿದ್ದಾಳೆ.

ಪಾಸ್ಕುವಾಲಾ ಒಪ್ಪಲೇ ಇಲ್ಲ. "ಅಲ್ಲಿ ಹೋದೋರನ್ನ ಕುಯ್ದೇ ಕಳ್ಸೋದು. ನಿನ್ನೆ ಸರಿ ಇದೆ ಅಂದ್ಯಲ್ಲ, ರಾತ್ರಿ ಕನಸು ಬಿತ್ತಾ?"

ಸುತ್ತಿ ಬಳಸಿ ಹೇಳುವ ಬಾಯಿ ನನ್ನದು. ಇವತ್ತು ಏಳಲಿಲ್ಲ. ಟೇಪು, ಸ್ಕೇಲು ಎರಡನ್ನೂ ಮುಂದಿಟ್ಟು ಇದ್ದದ್ದು ಹೇಳಿದೆ. ಹನ್ನೆರಡು ವರ್ಷ ನನ್ನ ಗಿರಾಕಿಯಾಗಿದ್ದವಳು. ಟೇಪನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನನ್ ಮಗನ ಮದ್ವೆ ಬಟ್ಟೆ?"

"ಅದೂ."

"ನನ್ ಗಂಡನ್ನ ಮಣ್ಣು ಮಾಡ್ದಾಗ ಹೊದ್ಸಿದ್ದು?"

"...ಅದೂ."

ಹೊಡೆಯುತ್ತಾಳೆ ಅಂದುಕೊಂಡೆ. ಶಾಲು ಎಳೆದುಕೊಂಡಳು. "ಕಳ್ಳಿ! ಇಷ್ಟು ಬಾಯ್ಬಿಟ್ಟೋಳು ಕೂಸಿನ ವಿಷ್ಯದಲ್ಲಿ ಸುಳ್ಳು ಹೇಳಲ್ಲ. ಏಳೇ ಮಿಕಾಯೆಲಾ, ಹೊರಡು."

ಇಷ್ಟು ಕಡಿಮೆ ಮಾತಿನಲ್ಲಿ ಜನ್ಮದಲ್ಲಿ ಯಾರನ್ನೂ ಒಪ್ಪಿಸಿರಲಿಲ್ಲ.

ಸೆಪ್ಟೆಂಬರ್ ೯

ಸ್ಕ್ಯಾನ್ ಆಯಿತು. ಮಗು ತೀರಾ ಚಿಕ್ಕದು. ಹೊಕ್ಕುಳಬಳ್ಳಿಯಲ್ಲಿ ರಕ್ತ ಸರಿಯಾಗಿ ಹರಿಯುತ್ತಿಲ್ಲ. ಮನೆಗೆ ಬಿಡುವುದಿಲ್ಲ ಎಂದರು. ಒಳಗಿದ್ದರೆ ಕ್ಷೇಮವೋ, ಹೊರಗೆ ಬಂದರೋ... ದಿನಾ ನೋಡಿ ತೀರ್ಮಾನ.

ಡಾಕ್ಟರಮ್ಮ ಪರದೆ ತೋರಿಸಿದಳು. ಬೆಟ್ಟದ ಸಾಲಿನಂಥ ಗೆರೆ, ಏಳುತ್ತದೆ, ಇಳಿಯುತ್ತದೆ. ಪ್ರತಿ ಬೆಟ್ಟ ಒಂದು ಗುಂಡಿಗೆ ಬಡಿತ. ಇಳಿದಾಗ ತಳ ಮುಟ್ಟಬಾರದಂತೆ. ಮುಟ್ಟಿದರೆ? ಎರಡು ಬಡಿತದ ನಡುವೆ ಹರಿವು ನಿಂತಂತೆ. ಯಾಕೆ ನಿಲ್ಲುತ್ತದೆ? ಬಳ್ಳಿಯ ಬುಡದ ಮಾಸು ಸೊರಗಿದರೆ. ಅದು ಯಾಕೆ ಸೊರಗುತ್ತದೆ?

"ನಮ್ ವಿದ್ಯಾರ್ಥಿಗಳೂ ಇಷ್ಟು ಕೇಳಲ್ಲ ಅಜ್ಜಿ."

ಅವರು ಟೇಪು ಕತ್ತರಿಸಿದವರಲ್ಲ.

ಸೆಪ್ಟೆಂಬರ್ ೧೨

ಎಲ್ವಿರಾಗೂ ಹೇಳಿದೆ. ಬೈಯಲಿಲ್ಲ, ಅದೇ ಕಷ್ಟ. ಹೊಸ ಟೇಪು ಕೊಟ್ಟಳು. ನನ್ನ ಉಳಿದ ಆರು ಬಸುರಿಯರನ್ನೂ ಮತ್ತೆ ಅಳೆದೆ, ಎರಡೆರಡು ಸಲ. ಆರೂ ಅಳತೆ ಸರಿ ಇವೆ. ಅವರವರ ನಡುಪಟ್ಟಿ ಎಷ್ಟನೇ ಹಕ್ಕಿಗೆ ನಿಲ್ಲುತ್ತದೆ ಎಂದೂ ಬರೆದುಕೊಂಡೆ.

ಸೆಪ್ಟೆಂಬರ್ ೧೭, ಬೆಳಿಗ್ಗೆ ೯

ಪಾಸ್ಕುವಾಲಾಳ ಫೋನು. ನಿನ್ನೆ ಗೆರೆ ತಳ ಮುಟ್ಟಿತಂತೆ. ಇವತ್ತು ಆರಕ್ಕೆ ಕುಯ್ದು ತೆಗೆದರು. ಹೆಣ್ಣು. ಒಂದು ಕಿಲೋ ಆರುನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿದೆ.

"ಅತ್ತಿತಾ?"

"ಅತ್ತಿತಾ ಅಂತ ಬೇರೆ! ಅಂಗೈಯಷ್ಟಿದೆ, ಬಾಯಿ ಮಾತ್ರ ನಿಂದೇ." ಮೂಗೊರೆಸಿದ ಸದ್ದು. "ಸುತ್ತೋಕೆ ಬಟ್ಟೆ ತಗೊಂಬಾ. ಒಂದು ಮೀಟ್ರು. ಪೂರ್ತಿ."

ಬಿಳಿ ಹತ್ತಿ ಬಟ್ಟೆ ಉಳಿದಿತ್ತು. ಎಲ್ವಿರಾಳ ಟೇಪು ಹಿಡಿದೆ. ಒಂದು ಮೀಟರ್. ಅದರ ಮೇಲೆ ಮದುವೆಯ ಎರಡು ಬೆರಳು. ಅವಳ ಗಂಡನದ್ದು ಎರಡು. ಇನ್ನು ಹನ್ನೆರಡು ವರ್ಷದ್ದು ಎಷ್ಟಾಗುತ್ತದೋ... ಬಟ್ಟೆ ಮೇಜು ದಾಟಿ ನೆಲಕ್ಕಿಳಿಯಿತು, ಕತ್ತರಿ ಇನ್ನೂ ಹಾಕಿಲ್ಲ.