ಹನ್ನೊಂದು ಸಲ ‘ಸಾಕು’

ದಾವಣಗೆರೆ,
ನಡುಬೇಸಿಗೆ ತಿಂಗಳ ಮೂವತ್ತೆರಡು, ಇಸವಿ ೨೧೭೩

ಪ್ರೀತಿಯ ಹಾಲಮ್ಮಜ್ಜಿಗೆ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರದೋ ಕುಚೇಷ್ಟೆ ಎಂದು ಕಾಗದವನ್ನು ಮಡಚಿಡಬೇಡಿ. ಬೇಸಿಗೆ ಬೆಳೆಯುತ್ತಾ ಹೋಗಿ ಇದ್ದ ತಿಂಗಳುಗಳಲ್ಲಿ ಹಿಡಿಸದಾದಾಗ ನಮ್ಮವರು ಅದಕ್ಕೆಂದೇ ಒಂದು ತಿಂಗಳು ಸೇರಿಸಿದರು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಕೇಳಿ ಕಲಿತವಳು ನಾನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು ಮುಂಗಾರಿ, ವಯಸ್ಸು ಅರವತ್ತಮೂರು. ನಿಮ್ಮ ಮೊಮ್ಮಗಳು ಇಂಚರ, ಈಗ ನಿಮ್ಮ ತೊಡೆಯ ಮೇಲೆಯೇ ಕೂತಿರಬಹುದಾದ ಆರು ವರ್ಷದ ಹುಡುಗಿ, ನನಗೆ ಮುತ್ತಜ್ಜಿ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಅದು ಕಳೆದ ಕಾಲಕ್ಕೆ ಹೋಗುವ ಅಂಚೆ, ಒಬ್ಬರಿಗೆ ಒಂದು ಜನ್ಮಕ್ಕೆ ಒಂದೇ ಕಾಗದ. ಜನ ಅದನ್ನು ದೊಡ್ಡ ದೊಡ್ಡ ಸಂಗತಿಗಳಿಗೆಂದು ಎತ್ತಿಟ್ಟುಕೊಳ್ಳುತ್ತಾರೆ. ನಾನು ನನ್ನದನ್ನು ಒಂದು ತುತ್ತು ಅನ್ನಕ್ಕೆ ಬಳಸುತ್ತಿದ್ದೇನೆಂದು ಮನೆಯವರೆಲ್ಲ ನಗುತ್ತಿದ್ದಾರೆ.

ನಮ್ಮಲ್ಲಿ ನಿಮ್ಮದೊಂದು ವಿಡಿಯೋ ಉಳಿದಿದೆ. ವರಾಂಡದಲ್ಲಿ ಕೂತಿದ್ದೀರಿ, ಕೈಯಲ್ಲಿ ಸ್ಟೀಲ್ ತಟ್ಟೆ, ಅದರಲ್ಲಿ ತುಪ್ಪ ಸುರಿದ ಅನ್ನ, ಪಕ್ಕದಲ್ಲಿ ಚಿಪ್ಸ್ ಪ್ಯಾಕೆಟ್ಟು, ತಟ್ಟೆ ಖಾಲಿಯಾದರೆ ಕೊಡುವ ಲಂಚಕ್ಕೆಂದು ಮಾವಿನ ಜ್ಯೂಸು. ಇಂಚರಳ ಕಣ್ಣು ಒಂದು ಫೋನಿನಲ್ಲಿ ನೆಟ್ಟಿದೆ, ಅವಳನ್ನು ಚಿತ್ರೀಕರಿಸುತ್ತಿರುವುದು ಇನ್ನೊಂದು ಫೋನು. ಮೂರು ನಿಮಿಷದಲ್ಲಿ ಅವಳು ಹನ್ನೊಂದು ಸಲ ‘ಸಾಕಜ್ಜಿ’ ಎನ್ನುತ್ತಾಳೆ. ಹನ್ನೊಂದು ಸಲವೂ ನೀವು ‘ಇದೊಂದೇ ತುತ್ತು ನನ್ನವ್ವ, ಬಾಯ್ ತೆಗಿ, ಇದು ಅಜ್ಜಂದು’ ಎನ್ನುತ್ತೀರಿ. ಅಜ್ಜ, ಸೋದರತ್ತೆ, ಎದುರುಮನೆ ನಾಯಿ, ಎಲ್ಲರ ಹೆಸರಿನ ತುತ್ತೂ ಆ ಒಂದೇ ಪುಟ್ಟ ಹೊಟ್ಟೆಗೆ ಹೋಗುತ್ತದೆ. ಕೊನೆಗೆ ಅವಳ ಗಲ್ಲ ಹಿಂಡಿ, ‘ಮೈಕೈ ತುಂಬ್ಕೆಂಡು ಎಷ್ಟು ಚೆಂದಾಗೈತೆ ನೋಡ್ರಿ ನನ್ ಕೂಸು’ ಎಂದು ದೃಷ್ಟಿ ನಿವಾಳಿಸುತ್ತೀರಿ. ಅದನ್ನು ನೋಡುವಾಗೆಲ್ಲ ನನಗೆ ನಿಮ್ಮ ಮೇಲೆ ಮುದ್ದು ಬರುತ್ತದೆ, ಜೊತೆಗೆ ಚೂರು ಸಿಟ್ಟೂ ಬರುತ್ತದೆ.

ಸಿಟ್ಟು ಇಳಿದದ್ದು ಇಂಚರಳ ದಿನಚರಿ ಓದಿದ ಮೇಲೆ. ನಿಮ್ಮ ತಮ್ಮ ಚನ್ನವೀರನ ವಿಷಯ ಅದರಲ್ಲಿತ್ತು. ಅಂಬಲಿಯೂ ಸಾಲದ ಮನೆಯಲ್ಲಿ, ಮೂರು ವರ್ಷಕ್ಕೇ ಎಲುಬು ಚರ್ಮವಾಗಿ ನಿಮ್ಮ ಮಡಿಲಲ್ಲೇ ಹೋದನಂತೆ. ಆಗ ನನಗೆ ಅರ್ಥವಾಯಿತು. ನಮ್ಮ ಭಾಷೆಯಲ್ಲಿ ‘ಸಾಕು’ ಅಂದರೆ ಇನ್ನು ಬೇಡ ಎಂದೂ ಹೌದು, ಪೋಷಿಸು ಎಂದೂ ಹೌದು. ಇಂಚರ ಮೊದಲನೆಯದನ್ನು ಹೇಳುತ್ತಿದ್ದಳು, ನಿಮಗೆ ಎರಡನೆಯದು ಕೇಳಿಸುತ್ತಿತ್ತು. ನೀವು ಉಣಿಸುತ್ತಿದ್ದದ್ದು ಚನ್ನವೀರನಿಗೆ, ಅಜ್ಜಿ. ಅವನ ಹಸಿವನ್ನು ಈ ಮಗು ಉಂಡು ತೀರಿಸಲಾರದು.

ಮುಂದಾದದ್ದನ್ನು ಹೇಳಲು ಕಷ್ಟವಾಗುತ್ತದೆ, ಆದರೂ ಹೇಳಬೇಕು. ಹತ್ತನೆಯ ವಯಸ್ಸಿನಲ್ಲಿ ಅವಳನ್ನು ಶಾಲೆಯವರು ಚಿತ್ರದುರ್ಗದ ಕೋಟೆಗೆ ಕರೆದೊಯ್ದರು. ಮೊದಲ ಬಾಗಿಲು ದಾಟುವಷ್ಟರಲ್ಲೇ ಏದುಸಿರು, ಮೊಣಕಾಲು ನೋವು. ಟೀಚರೊಬ್ಬರ ಜೊತೆ ಕೆಳಗೆ ಕಲ್ಲಿನ ಮೇಲೆ ಕೂತು, ಗೆಳತಿಯರು ಮೇಲಿನಿಂದ ಕೈಬೀಸುವುದನ್ನು ನೋಡಿದಳು. ಗಲ್ಲ ಹಿಂಡುತ್ತಿದ್ದ ನೆಂಟರೇ ಆ ಹೊತ್ತಿಗೆ ಅವಳನ್ನು ‘ಡುಮ್ಮಿ’ ಎಂದು ಕರೆಯತೊಡಗಿದ್ದರು. ಅಂದಿನ ಪುಟದಲ್ಲಿ ಅವಳು ಬರೆದದ್ದು ಒಂದೇ ಸಾಲು: ‘ಕೋಟೆ ಚೆನ್ನಾಗಿತ್ತಂತೆ.’ ಹದಿನೈದಕ್ಕೆ ಸಕ್ಕರೆ ಕಾಯಿಲೆ ಬಂತು, ಅದು ಕೊನೆಯವರೆಗೂ ಅವಳನ್ನು ಬಿಡಲಿಲ್ಲ.

ತನ್ನ ಮಗಳು ಮೊದಲ ಸಲ ‘ಸಾಕು’ ಎಂದು ಕೈ ತಳ್ಳಿದ ದಿನ ಇಂಚರ ತಟ್ಟೆ ಕೆಳಗಿಟ್ಟು ಅತ್ತುಬಿಟ್ಟಳಂತೆ. ಆಮೇಲೆ ಓಣಿಯವರನ್ನೆಲ್ಲ ಕರೆದು ಮೊಸರವಲಕ್ಕಿ ಹಂಚಿದಳು. ಅದೇ ಇಂದಿನ ಸಾಕುಹಬ್ಬ. ನಾಮಕರಣದ ಹಾಗೆ ಪ್ರತಿ ಮಗುವಿಗೂ ಒಮ್ಮೆ ನಡೆಯುತ್ತದೆ. ಮಗು ಸಾಕೆಂದ ತಕ್ಷಣ ಹಿರಿಯರು ಕೈ ತೊಳೆದು, ಅದನ್ನು ನೆರಳುಬೀದಿಗೆ ಇಳಿಸುತ್ತಾರೆ. ನೆರಳುಬೀದಿ ಎಂದರೆ ಸಂಜೆ ವಾಹನಗಳಿಗೆ ಬಾಗಿಲು ಹಾಕಿದ ಬೀದಿ. ಅಲ್ಲಿ ಅಪ್ಪಿತಪ್ಪಿ ಗಾಡಿ ನುಗ್ಗಿಸಿದವರು ಮಕ್ಕಳ ಜೊತೆ ಒಂದಾಟ ಕುಂಟೆಬಿಲ್ಲೆ ಆಡಿಯೇ ಹೋಗಬೇಕು. ಹೋದ ವಾರ ನಮ್ಮೂರ ಡಾಕ್ಟರಮ್ಮನೇ ಸಿಕ್ಕಿಬಿದ್ದು ಮೂರು ಮನೆ ಕುಂಟಿದರು. ಶಾಲೆಯಲ್ಲಿ ಹಸಿವುಗಂಟೆ ಇದೆ, ಹೊಟ್ಟೆ ಹಸಿದ ಮಗು ತಾನೇ ಹಗ್ಗ ಎಳೆದು ಬಾರಿಸುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಬಾರಿಸಿದವರಿಗೆ ಬಿಸಿ ರೊಟ್ಟಿ, ಕಾಳುಪಲ್ಯ, ಒಂದು ಪೇರಲೆಹಣ್ಣು. ನಮ್ಮ ಮಕ್ಕಳೇನು ದೇವತೆಗಳಲ್ಲ, ಪಲ್ಯವನ್ನು ಬೆಂಚಿನಡಿ ಬಚ್ಚಿಡುವುದರಲ್ಲಿ ನನ್ನ ಮೊಮ್ಮಗಳೇ ಮೊದಲಿಗಳು. ಆದರೆ ಓಡು ಎಂದರೆ ಎಲ್ಲರೂ ಓಡುತ್ತಾರೆ, ಓಡುವಾಗ ನಗಲು ಉಸಿರು ಉಳಿದಿರುತ್ತದೆ.

ಈಗ ನನ್ನ ಕೋರಿಕೆ. ನಿಮ್ಮ ತುಪ್ಪವನ್ನು ಬಿಡಿ ಎನ್ನುತ್ತಿಲ್ಲ, ಚಮಚದಲ್ಲಿ ಹಾಕಿ, ಸುರಿಯಬೇಡಿ. ಜ್ಯೂಸಿನ ಬದಲು ಹಣ್ಣನ್ನೇ ಹೆಚ್ಚಿಕೊಡಿ. ಊಟದ ಹೊತ್ತಿಗೆ ಆ ಫೋನನ್ನು ಎತ್ತಿಡಿ, ನಿಮ್ಮ ಮುಖವೇ ಅವಳಿಗೆ ನೋಡಲು ಚೆಂದ. ಬಿಸಿಲಿಗೆ ಕಪ್ಪಾಗುತ್ತಾಳೆಂದು ಹಾಕಿರುವ ಗೇಟಿನ ಚಿಲಕ ಸಂಜೆಯಾದರೂ ತೆಗೆಯಿರಿ, ಮೈದಾನದವರೆಗೆ ನೀವೂ ಜೊತೆಗೆ ನಡೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಅವಳು ಮೊದಲನೆಯ ಸಲ ‘ಸಾಕಜ್ಜಿ’ ಎಂದಾಗಲೇ ನಿಮ್ಮ ಕೈ ಕೆಳಗಿಳಿಯಲಿ. ಆ ಗಳಿಗೆ ಚನ್ನವೀರ ಕಣ್ಮುಂದೆ ಬಂದಾನು. ಅವನಿಗಾಗಿ ಅತ್ತುಬಿಡಿ. ತುತ್ತು ಮಾತ್ರ ಎತ್ತಬೇಡಿ.

ನೀವು ನನ್ನ ಮಾತು ನಡೆಸಿಕೊಟ್ಟರೆ ಇಂಚರ ಆ ದಿನ ಅಳಬೇಕಾಗುವುದಿಲ್ಲ, ನಮ್ಮ ಸಾಕುಹಬ್ಬವೂ ಹುಟ್ಟುವುದಿಲ್ಲ. ಇದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಹಬ್ಬ ಹೋದರೆ ಹೋಗಲಿ, ಇನ್ನೊಂದು ಮಾಡಿಕೊಳ್ಳುತ್ತೇವೆ. ಆ ಕೋಟೆಯ ಪ್ರವಾಸಕ್ಕೆ ಇನ್ನೂ ನಾಲ್ಕು ವರ್ಷವಿದೆ, ಅಜ್ಜಿ. ದಿನಚರಿ ನನ್ನ ಮುಂದೆ ತೆರೆದೇ ಇದೆ, ಈ ಕಾಗದ ಅಂಚೆಗೆ ಹಾಕಿ ಬಂದು ಆ ಪುಟವನ್ನು ಮತ್ತೆ ನೋಡುತ್ತೇನೆ. ಸಾಲು ಅದೇ ಇರಲಿ, ಕೊನೆಯ ‘ಅಂತೆ’ ಒಂದು ಇಲ್ಲದಿರಲಿ.

ನಿಮ್ಮ ಮುಂಗಾರಿ